ಸಕ್ಕರೆ ಮಾತ್ರೆ ನುಂಗುತ್ತಲೇ ತೂಕ ಏರುತ್ತಿದ್ದರೆ

ಪ್ರಶ್ನೆ: ನನಗೆ 49 ವರ್ಷ. ಪಾಂಡವಪುರದ ಹತ್ತಿರ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡಿದ್ದೇನೆ. ಎತ್ತರ 168 ಸೆಂಟಿಮೀಟರ್, ತೂಕ 94 ಕಿಲೋ. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಯಿತು. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ತಪ್ಪದೆ ನುಂಗುತ್ತೇನೆ. ಆದರೂ ಮೂರು ವರ್ಷದಲ್ಲಿ ಏಳು ಕಿಲೋ ಏರಿದ್ದೇನೆ. ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) 8.4 ಬಂದಿದೆ. ರಕ್ತದಲ್ಲಿನ ಕೊಬ್ಬು (ಟ್ರೈಗ್ಲಿಸರೈಡ್) 312, ಒಳ್ಳೆಯ ಕೊಲೆಸ್ಟರಾಲ್ 34. ಲಿವರ್‌ನಲ್ಲಿ ಎರಡನೇ ದರ್ಜೆಯ ಕೊಬ್ಬು ಎಂದು ಸ್ಕ್ಯಾನಿಂಗ್‌ನಲ್ಲಿ ಬರೆದಿದ್ದಾರೆ. ಬಿಪಿಗೆ ಟೆಲ್ಮಿಸಾರ್ಟನ್ 40 ಇದೆ. ಕೊಲೆಸ್ಟರಾಲ್ ಮಾತ್ರೆಯನ್ನು ಸ್ನೇಹಿತರ ಮಾತು ಕೇಳಿ ನಿಲ್ಲಿಸಿದೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೈ ನಡುಗಿ ಬೆವರು ಬರುತ್ತದೆ. ಅದಕ್ಕೆಂದೇ ಗಲ್ಲಾಪೆಟ್ಟಿಗೆಯಲ್ಲಿ ಅಚ್ಚುಬೆಲ್ಲ ಇಟ್ಟುಕೊಂಡಿದ್ದೇನೆ. ನಮ್ಮ ಡಾಕ್ಟರು ಇನ್ಸುಲಿನ್ ಶುರು ಮಾಡೋಣ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಭಾವಮೈದ ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಂಡು 14 ಕಿಲೋ ಇಳಿಸಿದ್ದಾನೆ. ಅವನಿಗೆ ಸಕ್ಕರೆ ಕಾಯಿಲೆ ಇಲ್ಲ. ತನ್ನ ಬಳಿ ಉಳಿದಿರುವ ಪೆನ್ ಕೊಡುತ್ತೇನೆ ಎನ್ನುತ್ತಾನೆ. ಅದರಿಂದ ಥೈರಾಯ್ಡ್ ಕ್ಯಾನ್ಸರ್ ಬರುತ್ತದೆ, ಬಿಟ್ಟರೆ ತೂಕ ಎರಡರಷ್ಟಾಗಿ ಮರಳುತ್ತದೆ ಎಂದೂ ಕೇಳಿದ್ದೇನೆ. ನನ್ನ ಅಕ್ಕ ದಿನವೂ ಥೈರಾಯ್ಡ್ ಮಾತ್ರೆ ನುಂಗುತ್ತಾಳೆ. ಮನೆಯಲ್ಲಿ, ಇಷ್ಟು ಮಾತ್ರೆ ನುಂಗಿದರೆ ಕಿಡ್ನಿ ಹೋಗುತ್ತದೆ, ಅಮೃತಬಳ್ಳಿ ಕಷಾಯ ಕುಡಿಯಿರಿ ಎನ್ನುತ್ತಾರೆ. ನಾನೇನು ಮಾಡಲಿ? ವರದಿಗಳ ಮತ್ತು ಮಾತ್ರೆಯ ಚಿತ್ರ ಕಳಿಸಿದ್ದೇನೆ. ತಿನ್ನುವುದನ್ನು ಕಡಿಮೆ ಮಾಡಿದರೂ ತೂಕ ಏರುತ್ತಲೇ ಇದೆ.
— ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ನೀವು ಕೇಳಿರುವುದು ಹೊಸ ಇಂಜೆಕ್ಷನ್ ಬಗ್ಗೆ. ನನ್ನ ಕಣ್ಣು ನಿಂತದ್ದು ನಿಮ್ಮ ಮಾತ್ರೆಯ ಸ್ಟ್ರಿಪ್ ಮೇಲೆ, ಆಮೇಲೆ ಗಲ್ಲಾಪೆಟ್ಟಿಗೆಯ ಬೆಲ್ಲದ ಮೇಲೆ. ಇಂಜೆಕ್ಷನ್ ವಿಷಯಕ್ಕೆ ಬರುತ್ತೇನೆ. ಮೊದಲು ಇವೆರಡನ್ನು ಮುಗಿಸೋಣ.

ಸಕ್ಕರೆಗೆ ದಿನಕ್ಕೆ ಎರಡು ಮಾತ್ರೆ ಎಂದು ಬರೆದಿದ್ದೀರಿ. ಸ್ಟ್ರಿಪ್‌ನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮೂರು ಹೆಸರುಗಳಿವೆ: ಗ್ಲಿಮೆಪಿರೈಡ್ 2 ಮಿಲಿಗ್ರಾಂ, ಪಯೋಗ್ಲಿಟಜೋನ್ 15 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ. ಒಂದು ಮಾತ್ರೆಯೊಳಗೆ ಮೂರು ಔಷಧಿ. ಎರಡು ಹೊತ್ತು ನುಂಗಿದರೆ ದಿನಕ್ಕೆ ಗ್ಲಿಮೆಪಿರೈಡ್ 4, ಪಯೋಗ್ಲಿಟಜೋನ್ 30, ಮೆಟ್‌ಫಾರ್ಮಿನ್ 1,000 ಆಯಿತು. ಈ ಮೂರರಲ್ಲಿ ತೂಕ ಏರಿಸುವಂಥವು ಎರಡು. ಅವು ನಿಮಗೆ ಧಾರಾಳವಾಗಿಯೇ ಸಿಗುತ್ತಿವೆ. ತೂಕ ಏರಿಸದ ಮೆಟ್‌ಫಾರ್ಮಿನ್ ಮಾತ್ರ, ಸಾಮಾನ್ಯವಾಗಿ ಕೊಡುವ ಪೂರ್ಣ ಪ್ರಮಾಣದ ಅರ್ಧದಷ್ಟಿದೆ. ತಿನ್ನುವುದನ್ನು ಕಡಿಮೆ ಮಾಡಿದರೂ ತೂಕ ಏರುತ್ತದೆ ಎಂದು ನೀವು ಪತ್ರದ ಕೊನೆಯಲ್ಲಿ ಗೊಣಗಿದ್ದೀರಿ. ಅದನ್ನು ನಾನು ನಂಬುತ್ತೇನೆ.

ಮೂರನ್ನೂ ಒಂದರಲ್ಲಿ ಸೇರಿಸಿದರೆ ಖರ್ಚು ಕಡಿಮೆ, ಮರೆಯುವುದೂ ಕಡಿಮೆ, ನಿಜ. ಆದರೆ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಬೇಕಾದಾಗ ಕೈ ಕಟ್ಟಿಹಾಕಿದಂತಾಗುತ್ತದೆ. ಮೆಟ್‌ಫಾರ್ಮಿನ್ ಹೆಚ್ಚಿಸಬೇಕೆಂದು ಇನ್ನೊಂದು ಮಾತ್ರೆ ನುಂಗಿದರೆ ಉಳಿದೆರಡೂ ಅದರ ಜೊತೆಗೆ ಬಂದೇ ಬರುತ್ತವೆ. ಬೊಜ್ಜಿರುವ ರೋಗಿಗೆ ಇಂಥ ಮಾತ್ರೆ ವರ್ಷಗಟ್ಟಲೆ ಹಾಗೆಯೇ ಮುಂದುವರಿದಿರುವುದನ್ನು ಕಂಡಾಗ ನನಗೆ ಕಿರಿಕಿರಿಯಾಗುತ್ತದೆ. ರೋಗಿಯ ಮೇಲಲ್ಲ. ಚೀಟಿ ತೋರಿಸಿದರೆ ಅಂಗಡಿಯಲ್ಲಿ ಅದನ್ನೇ ಕೊಡುತ್ತಾರೆ, ಚೀಟಿಯನ್ನು ಮತ್ತೊಮ್ಮೆ ನೋಡುವವರು ಯಾರೂ ಇರುವುದಿಲ್ಲ.

ಇನ್ನು ಹನ್ನೊಂದು ಗಂಟೆಯ ನಡುಕ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಸುರಿಸುತ್ತದೆ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಅದು ನೋಡುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಎರಡು ಇಡ್ಲಿ ತಿಂದು ಅಂಗಡಿ ತೆರೆದು ಮೂಟೆ ಎತ್ತಿಳಿಸಿದ ದಿನ, ಹನ್ನೊಂದಕ್ಕೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿದಿರಬಹುದು. ನೀವು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತೀರಿ, ಹಸಿವು ಕೆರಳಿ ಜೊತೆಗೆ ಎರಡು ಬಿಸ್ಕತ್ತೋ ಬನ್ನೋ ಒಳಗೆ ಹೋಗುತ್ತದೆ, ಊಟದ ಹೊತ್ತಿಗೆ ಸಕ್ಕರೆ 240. ಸಂಜೆ ಪರೀಕ್ಷೆ ಮಾಡಿದವರಿಗೆ ಕಾಣುವುದು ಈ 240 ಮಾತ್ರ. ಮಾತ್ರೆ ಸಾಲದು ಎಂದು ಪ್ರಮಾಣ ಏರಿಸುತ್ತಾರೆ, ಹನ್ನೊಂದರ ನಡುಕ ಇನ್ನಷ್ಟು ಜೋರಾಗುತ್ತದೆ, ಬೆಲ್ಲವೂ ದೊಡ್ಡದಾಗುತ್ತದೆ. ಮಾತ್ರೆಗೆ ಊಟ ಹಾಕುವ ಕೆಲಸ ನಿಮ್ಮದಾಗಿದೆ.

ಇದು ಊಹೆಯೋ ನಿಜವೋ ಎಂದು ತಿಳಿಯುವುದು ಸುಲಭ. ಮನೆಯಲ್ಲಿರುವ ಗ್ಲೂಕೋಮೀಟರನ್ನು ಒಂದು ವಾರ ಅಂಗಡಿಗೆ ಒಯ್ಯಿರಿ. ನಡುಕ ಬಂದಾಗ ಬೆರಳು ಚುಚ್ಚಿ ನೋಡಿ ಬರೆದಿಡಿ. 70ರ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. 110, 120 ಇದ್ದರೂ ನಡುಕ ಬರುತ್ತಿದ್ದರೆ, ಬಹುಕಾಲ ಹೆಚ್ಚು ಸಕ್ಕರೆಗೆ ಒಗ್ಗಿದ ದೇಹ ಸಹಜ ಮಟ್ಟವನ್ನೇ ಕೊರತೆ ಎಂದುಕೊಳ್ಳುತ್ತಿದೆ. ಆಗ ಬೆಲ್ಲ ಬೇಡ, ಒಂದು ಹಿಡಿ ಕಡಲೆಕಾಯಿ ಸಾಕು. ಆ ಬರೆದಿಟ್ಟ ಹಾಳೆ ನಿಮ್ಮ ವೈದ್ಯರ ಕೈಗೆ ಸಿಕ್ಕರೆ ಅರ್ಧ ನಿರ್ಧಾರ ಅಲ್ಲೇ ಆಗುತ್ತದೆ. ಅಲ್ಲಿಯವರೆಗೆ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಬೆಲ್ಲದ ವಿಷಯ ಬಂದದ್ದರಿಂದ ಒಂದು ಮಾತು. ಮಂಡ್ಯದವರ ಮುಂದೆ ಇದನ್ನು ಹೇಳುವುದು ಕಷ್ಟ. ಅಚ್ಚುಬೆಲ್ಲವಾಗಲಿ, ಆಲೆಮನೆಯಿಂದ ಬಿಸಿಬಿಸಿಯಾಗಿ ತಂದ ಬೆಲ್ಲವಾಗಲಿ, ಅದರ ಬಹುಪಾಲು ಸಕ್ಕರೆಯೇ. ರಕ್ತಕ್ಕೆ ಸೇರಿದ ಮೇಲೆ ಅದು ಆಲೆಮನೆಯದೋ ಕಾರ್ಖಾನೆಯದೋ ಎಂದು ದೇಹ ಕೇಳುವುದಿಲ್ಲ. ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಕುಡಿಯುವವರು ಏನನ್ನೂ ಬಿಟ್ಟಿಲ್ಲ.

ನಿಮ್ಮ ವರದಿಗಳಲ್ಲಿ ಸಕ್ಕರೆ, ಟ್ರೈಗ್ಲಿಸರೈಡ್, ಲಿವರ್, ಬಿಪಿ ಎಂದು ನಾಲ್ಕು ಕಾಯಿಲೆ ಇದ್ದಂತೆ ಕಾಣುತ್ತದೆ. ಬೇರು ಬಹುಮಟ್ಟಿಗೆ ಒಂದೇ. ಚರ್ಮದ ಕೆಳಗೆ ಕೊಬ್ಬನ್ನು ಕೂಡಿಡುವ ಜಾಗ ಪ್ರತಿಯೊಬ್ಬರಿಗೂ ಇಷ್ಟೇ ಎಂದು ಇರುತ್ತದೆ. ಅದು ತುಂಬಿದ ಮೇಲೆ, ತುಂಬಿದ ಗದ್ದೆಗೆ ಮತ್ತೆ ನಾಲೆಯ ನೀರು ಬಿಟ್ಟಂತೆ, ಕೊಬ್ಬು ಬದು ಒಡೆದು ಹೋಗಬಾರದ ಕಡೆಗೆ ನುಗ್ಗುತ್ತದೆ: ಲಿವರ್‌ಗೆ, ಮೇದೋಜೀರಕ ಗ್ರಂಥಿಗೆ, ಕರುಳಿನ ಸುತ್ತ, ಸ್ನಾಯುಗಳ ಒಳಕ್ಕೆ. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ ಮಾತು ಕೇಳುವುದಿಲ್ಲ. ರಾತ್ರಿಯಿಡೀ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಏನೂ ತಿನ್ನದೆ ಮಲಗಿದರೂ ಬೆಳಗಿನ ಸಕ್ಕರೆ 170 ಬರುವುದು ಹೀಗೆ. ಅದೇ ಲಿವರ್ ಮಿಕ್ಕ ಕೊಬ್ಬನ್ನು ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ತಳ್ಳುತ್ತದೆ. ಟ್ರೈಗ್ಲಿಸರೈಡ್ ಏರಿದ ಕಡೆ ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ. ನಿಮ್ಮ 312 ಮತ್ತು 34 ಹೀಗೆ ಹುಟ್ಟಿದ ಜೋಡಿ.

ನಮ್ಮ ಜನರ ಮೈಕಟ್ಟೇ ಇದಕ್ಕೆ ಬೇಗ ತುತ್ತಾಗುವಂಥದು. ಇದರ ಕುರುಹು ಮೈಸೂರಿನಲ್ಲಿಯೇ ಸಿಕ್ಕಿದೆ. ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ದಶಕಗಳ ನಂತರ ಸಂಶೋಧಕರು ಆ ದಾಖಲೆ ಹಿಡಿದು ಅದೇ ಜನರನ್ನು ಹುಡುಕಿ, ಯಾರಿಗೆ ಹೃದ್ರೋಗ, ಯಾರಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದು ನೋಡಿದರು. ಆಮೇಲೆ ಅಲ್ಲಿಯೇ ಹುಟ್ಟಿದ ಕೂಸುಗಳನ್ನು ಅಳೆದಾಗ, ಅವು ಯುರೋಪಿನ ಕೂಸುಗಳಿಗಿಂತ ಎಲ್ಲ ಅಳತೆಯಲ್ಲೂ ಚಿಕ್ಕವಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಹಿಂದೆ ಬಿದ್ದಿರಲಿಲ್ಲ. ಅಂದರೆ ಸ್ನಾಯು ಕಡಿಮೆ, ಕೊಬ್ಬು ಕಡಿಮೆಯೇನಲ್ಲ, ಹುಟ್ಟಿನಿಂದಲೇ. ಅದಕ್ಕೇ ಎತ್ತರ ತೂಕದ ಸೂಚ್ಯಂಕ (ಬಿಎಂಐ) ಬಿಳಿಯರಲ್ಲಿ 30 ದಾಟಿದರೆ ಬೊಜ್ಜು, ನಮ್ಮಲ್ಲಿ 25 ದಾಟಿದರೇ ಬೊಜ್ಜು. ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ನಿಮ್ಮ ಸೂಚ್ಯಂಕ 33.3.

ಹೀಗಿರುವಾಗ ಔಷಧಿಯನ್ನು ಆರಿಸುವ ಪ್ರಶ್ನೆ ಸಕ್ಕರೆ ಎಷ್ಟು ಇಳಿಸುತ್ತದೆ ಎಂಬಲ್ಲಿಗೆ ಮುಗಿಯುವುದಿಲ್ಲ. ಲಿವರ್, ಕಿಡ್ನಿ, ಹೃದಯ, ತೂಕಕ್ಕೆ ಏನು ಮಾಡುತ್ತದೆ ಎಂದೂ ಕೇಳಬೇಕು. ಸಕ್ಕರೆ ಇಳಿಸಿ ತೂಕ ಏರಿಸುವ ಔಷಧಿ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ.

ಮನೆಯವರ ಭಯಕ್ಕೆ ಬರೋಣ. ಮೆಟ್‌ಫಾರ್ಮಿನ್ ಕಿಡ್ನಿ ಕೆಡಿಸುತ್ತದೆ ಎಂಬುದು ನಮ್ಮ ಕಡೆ ಬೇರೂರಿದ ನಂಬಿಕೆ. ಅದು ಹುಟ್ಟಿದ ಬಗೆ ನನಗೆ ಅರ್ಥವಾಗುತ್ತದೆ. ಹತ್ತು ಹದಿನೈದು ವರ್ಷ ಹತೋಟಿ ಇಲ್ಲದ ಸಕ್ಕರೆ ಕಿಡ್ನಿಯನ್ನು ಕೆಡಿಸುತ್ತದೆ. ಕಿಡ್ನಿ ಸೋತಾಗ ಮೆಟ್‌ಫಾರ್ಮಿನ್ ದೇಹದಲ್ಲಿ ಉಳಿದು ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯ ಇರುವುದರಿಂದ ವೈದ್ಯರು ಅದನ್ನು ನಿಲ್ಲಿಸುತ್ತಾರೆ. ನೋಡುವವರಿಗೆ ಮಾತ್ರೆಯೇ ಕಿಡ್ನಿ ಕೆಡಿಸಿತು, ಅದಕ್ಕೇ ನಿಲ್ಲಿಸಿದರು ಎನ್ನಿಸುತ್ತದೆ. ಕಿಡ್ನಿ ಸೋಸುವ ವೇಗ 30ಕ್ಕಿಂತ ಇಳಿದರೆ ಮೆಟ್‌ಫಾರ್ಮಿನ್ ಸಲ್ಲದು, 45ಕ್ಕಿಂತ ಇಳಿದರೆ ಪ್ರಮಾಣ ಕಡಿಮೆ ಮಾಡಬೇಕು. ಕಿಡ್ನಿ ಪರೀಕ್ಷೆಯಲ್ಲಿ ನಿಮ್ಮ ಕ್ರಿಯಾಟಿನಿನ್ 1.0, ವಯಸ್ಸಿನೊಂದಿಗೆ ಲೆಕ್ಕ ಹಾಕಿದರೆ ವೇಗ 90ರ ಆಸುಪಾಸು. ನಿಮಗೆ ಅದನ್ನು ಹೆಚ್ಚಿಸಲು ಜಾಗವಿದೆ. ಬ್ರಿಟನ್ನಿನ ದೊಡ್ಡ ಮಧುಮೇಹ ಅಧ್ಯಯನ 1998ರಲ್ಲಿ ಪ್ರಕಟವಾದಾಗ, ತೂಕ ಹೆಚ್ಚಿರುವವರಲ್ಲಿ ಮೆಟ್‌ಫಾರ್ಮಿನ್ ಸಾವನ್ನೇ ಕಡಿಮೆ ಮಾಡಿದ್ದು ಕಂಡುಬಂದಿತ್ತು. ಅಷ್ಟು ಅಗ್ಗದ ಮಾತ್ರೆಗೆ ಅಷ್ಟು ದೊಡ್ಡ ಹೆಸರು ಸುಮ್ಮನೆ ಬಂದದ್ದಲ್ಲ. ಅದಕ್ಕೂ ತೊಂದರೆಗಳಿವೆ: ಹೊಟ್ಟೆ ಉಬ್ಬರ, ಭೇದಿ. ಊಟದ ನಡುವೆ ಅಥವಾ ಊಟವಾದ ಕೂಡಲೇ, ನಿಧಾನವಾಗಿ ಕರಗುವ ಬಗೆಯದನ್ನು, ವಾರಕ್ಕೆ 500ರಂತೆ ಏರಿಸಿದರೆ ಬಹಳ ಜನರಿಗೆ ಒಗ್ಗುತ್ತದೆ. ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುತ್ತದೆ. ಅಂಗಾಲು ಉರಿ, ಜುಮುಗುಡುವಿಕೆ ಇದ್ದರೆ ಎಲ್ಲವನ್ನೂ ಸಕ್ಕರೆಯ ತಲೆಗೆ ಕಟ್ಟದೆ ಬಿ12 ಒಮ್ಮೆ ನೋಡಿಸಿ.

ಪಯೋಗ್ಲಿಟಜೋನ್ ಬಗ್ಗೆ ಕಡ್ಡಿ ಮುರಿದಂತೆ ಹೇಳಲಾರೆ. ಅದು ಹೋಗಬಾರದ ಕಡೆ ಸೇರಿದ ಕೊಬ್ಬನ್ನು ಎತ್ತಿ ಚರ್ಮದ ಕೆಳಕ್ಕೆ ತಂದು ಹಾಕುತ್ತದೆ. ಹೀಗಾಗಿ ಲಿವರ್‌ಗೆ ನಿಜವಾಗಿಯೂ ಒಳ್ಳೆಯದು, ಆದರೆ ಮೈತೂಕ ಏರುತ್ತದೆ. ನೀರು ಹಿಡಿದಿಡುತ್ತದೆ. ಸಂಜೆ ಕಾಲುಚೀಲ ಬಿಚ್ಚಿದಾಗ ಅದರ ಪಟ್ಟಿಯ ಗುರುತು ಆಳವಾಗಿ ಉಳಿಯುತ್ತಿದೆಯೇ ನೋಡಿ. ಹೃದಯದ ಪಂಪು ದುರ್ಬಲವಾದವರಿಗೆ ಇದು ಅಪಾಯ. ಮೂಳೆ ಮುರಿತ ಹೆಚ್ಚಿಸುತ್ತದೆ. ಮೂತ್ರಕೋಶದ ಕ್ಯಾನ್ಸರ್ ಸಂಶಯದಿಂದ 2013ರ ಜೂನ್‌ನಲ್ಲಿ ಇಲ್ಲಿ ಅದರ ಮಾರಾಟವನ್ನು ತಡೆಹಿಡಿದು, ಮರು ತಿಂಗಳೇ ಎಚ್ಚರಿಕೆಯ ಬರಹದೊಂದಿಗೆ ಮತ್ತೆ ಬಿಟ್ಟರು. ನಿಮ್ಮ ವಿಷಯದಲ್ಲಿ 30 ಹೆಚ್ಚಾಯಿತು ಎಂಬುದು ನನ್ನ ಅಭಿಪ್ರಾಯ. 15ಕ್ಕೆ ಇಳಿಸುವುದೋ ಪೂರ್ತಿ ಬಿಡುವುದೋ ಎಂಬುದನ್ನು ಲಿವರ್ ಪರೀಕ್ಷೆ ನೋಡಿ ತೀರ್ಮಾನಿಸಬೇಕು.

ಲಿವರ್ ಬಗ್ಗೆ ಸ್ಕ್ಯಾನಿಂಗ್‌ನ ದರ್ಜೆ ಹೇಳುವುದು ಕೊಬ್ಬು ಎಷ್ಟಿದೆ ಎಂದಷ್ಟೇ. ಗಾಯವಾಗಿ ನಾರುಗಟ್ಟಿದೆಯೇ ಎಂದು ಹೇಳುವುದಿಲ್ಲ. ನಿಜವಾಗಿ ಭಯಪಡಬೇಕಾದ್ದು ನಾರುಗಟ್ಟುವುದಕ್ಕೆ. ವಯಸ್ಸು, ಎರಡು ಲಿವರ್ ಕಿಣ್ವ, ಪ್ಲೇಟ್‌ಲೆಟ್ ಎಣಿಕೆ ಇಷ್ಟರಿಂದಲೇ ಫಿಬ್-4 ಎಂಬ ಲೆಕ್ಕ ಹಾಕಬಹುದು. ನಿಮ್ಮ ವರದಿಯಲ್ಲಿ ಎಸ್‌ಜಿಒಟಿ 52, ಎಸ್‌ಜಿಪಿಟಿ 78, ಪ್ಲೇಟ್‌ಲೆಟ್ 2.1 ಲಕ್ಷ. ಲೆಕ್ಕ 1.37 ಬರುತ್ತದೆ. 1.3ರ ಕೆಳಗಿದ್ದರೆ ಸದ್ಯಕ್ಕೆ ನಿಶ್ಚಿಂತೆ, 2.67 ದಾಟಿದರೆ ಲಿವರ್ ತಜ್ಞರ ಬಳಿ ಹೋಗಲೇಬೇಕು. ನಿಮ್ಮದು ಗೆರೆಯನ್ನು ಸ್ವಲ್ಪವೇ ದಾಟಿದೆ. ಮೈಸೂರಿಗೆ ಬಂದಾಗ, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿ. ನೋವಿಲ್ಲದ, ಹತ್ತು ನಿಮಿಷದ ಪರೀಕ್ಷೆ.

ಅಮೃತಬಳ್ಳಿ ಕಷಾಯದ ಉತ್ತರವೂ ಇಲ್ಲೇ ಇದೆ. ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಕಿಣ್ವ ಈಗಾಗಲೇ ಏರಿರುವ ನಿಮಗೆ ಅದು ಬೇಡ. ಹಾಗಲಕಾಯಿ ಪಲ್ಯ ಮಾಡಿ ಬಡಿಸಿದರೆ ಸಂತೋಷವಾಗಿ ತಿನ್ನಿ, ಔಷಧಿ ಎಂದುಕೊಳ್ಳಬೇಡಿ. ‘ಗಿಡಮೂಲಿಕೆ’ ಎಂದು ಬರೆದು ತೂಕ ಇಳಿಸಲು ಮಾರುವ ಪುಡಿಗಳಂತೂ ಇನ್ನೂ ಕೆಟ್ಟವು. ಸಿಬುಟ್ರಮಿನ್ ಎಂಬ ಔಷಧಿ ಹೃದಯಕ್ಕೆ ಅಪಾಯ ಎಂದು 2010ರಲ್ಲಿ ಅಮೆರಿಕ, ಯುರೋಪಿನ ಮಾರುಕಟ್ಟೆಯಿಂದ ಹೋಯಿತು, 2011ರಲ್ಲಿ ಭಾರತದಲ್ಲೂ ನಿಷೇಧವಾಯಿತು. ಇಂಥ ಪುಡಿಗಳಲ್ಲಿ ಅದನ್ನು ಗುಟ್ಟಾಗಿ ಬೆರೆಸಿರುವುದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ತೂಕ ಇಳಿಸುವ ಔಷಧಿ ಎಂದರೆ ಜನ ಅನುಮಾನದಿಂದ ನೋಡುವುದು ತಪ್ಪಲ್ಲ. ಫೆನ್‌ಫ್ಲುರಮಿನ್ 1997ರಲ್ಲಿ ಹೃದಯದ ಕವಾಟ ಕೆಡಿಸಿ ಹೋಯಿತು. ರಿಮೊನಬಂಟ್ ಮನಸ್ಸನ್ನು ಕುಗ್ಗಿಸಿ ಹೋಯಿತು. ಈ ಇತಿಹಾಸ ಗೊತ್ತಿದ್ದೂ ಹೊಸ ಇಂಜೆಕ್ಷನ್ನುಗಳನ್ನು ನಾನು ಬರೆದುಕೊಡುತ್ತೇನೆ. ಕಾರಣ ಹೇಳುತ್ತೇನೆ.

ಊಟ ಮಾಡಿದಾಗ ಕರುಳು ಒಂದು ಹಾರ್ಮೋನು ಬಿಡುತ್ತದೆ, ಹೆಸರು ಜಿಎಲ್‌ಪಿ-1. ಅದು ಸಕ್ಕರೆ ಏರಿದಾಗ ಮಾತ್ರ ಇನ್ಸುಲಿನ್ ಬಿಡಿಸುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಸಾಕು ಎಂದು ಮಿದುಳಿಗೆ ಹೇಳುತ್ತದೆ. ಆದರೆ ಕೆಲವೇ ನಿಮಿಷದಲ್ಲಿ ಕರಗಿಹೋಗುತ್ತದೆ. ಅಮೆರಿಕದ ಮರುಭೂಮಿಯ ಗಿಲಾ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಇದನ್ನೇ ಹೋಲುವ, ಬೇಗ ಕರಗದ ವಸ್ತು ಸಿಕ್ಕಿತು. ಅದರಿಂದ ಬಂದ ಎಕ್ಸೆನಟೈಡ್‌ಗೆ 2005ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಈಗಿನ ಸೆಮಾಗ್ಲುಟೈಡ್ ಅದರ ನಂತರದ ತಲೆಮಾರು, ವಾರಕ್ಕೊಮ್ಮೆ ಸಾಕು. ಟಿರ್ಜೆಪಟೈಡ್ ಇನ್ನೊಂದು ಕರುಳಿನ ಹಾರ್ಮೋನಿನ ಕೆಲಸವನ್ನೂ ಸೇರಿಸಿಕೊಂಡಿದೆ. ಮೌಂಜಾರೊ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು. ಹಳೆಯ ತೂಕದ ಮಾತ್ರೆಗಳು ಹೃದಯವನ್ನು ಕೆಡಿಸಿ ಹೋದವು. ಸೆಮಾಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯುಗಳನ್ನು ಕಡಿಮೆ ಮಾಡಿದ್ದು ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಮಧುಮೇಹಿಗಳ ಕಿಡ್ನಿಯನ್ನೂ ಕಾಯುತ್ತದೆ ಎಂದು 2024ರ ಅಧ್ಯಯನ ತೋರಿಸಿತು. ನನ್ನ ಮನಸ್ಸು ಒಲಿದದ್ದು ಇದಕ್ಕೆ, ಕಿಲೋ ಲೆಕ್ಕಕ್ಕಲ್ಲ.

ಕಿಲೋ ಲೆಕ್ಕದಲ್ಲಿ ಭಾವಮೈದನ ಜೊತೆ ಹೋಲಿಸಿಕೊಳ್ಳಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಔಷಧಿಗಳು ಕಡಿಮೆ ತೂಕ ಇಳಿಸುತ್ತವೆ. ಹೆಚ್ಚಿನ ಪ್ರಮಾಣದ ಸೆಮಾಗ್ಲುಟೈಡ್ ಕಾಯಿಲೆ ಇಲ್ಲದವರಲ್ಲಿ ಸರಾಸರಿ ಶೇ 15ರಷ್ಟು ಇಳಿಸಿದರೆ, ಇರುವವರಲ್ಲಿ ಶೇ 10ರ ಹತ್ತಿರ. ಟಿರ್ಜೆಪಟೈಡ್‌ಗೆ ಈ ಅಂಕಿಗಳು ಸುಮಾರು ಶೇ 21 ಮತ್ತು ಶೇ 15. ನಿಮಗೆ ಒಂದೂವರೆ ವರ್ಷದಲ್ಲಿ ಒಂಬತ್ತು ಹತ್ತು ಕಿಲೋ ಇಳಿದರೆ ಅದು ಸೋಲಲ್ಲ. ಶೇ 5 ಇಳಿದರೇ ಸಕ್ಕರೆ, ಟ್ರೈಗ್ಲಿಸರೈಡ್ ಬಗ್ಗುತ್ತವೆ; ಶೇ 10 ಇಳಿದರೆ ಲಿವರ್‌ನ ಉರಿಯೂತ ತಗ್ಗುವ ಸಾಧ್ಯತೆ ಚೆನ್ನಾಗಿದೆ.

ಥೈರಾಯ್ಡ್ ಕ್ಯಾನ್ಸರ್ ಮಾತು ಎಲ್ಲಿಂದ ಬಂತು? ಇಲಿಗಳಿಗೆ ಈ ಔಷಧಿ ಕೊಟ್ಟಾಗ ಥೈರಾಯ್ಡ್‌ನ ಒಂದು ವಿಶೇಷ ಜೀವಕೋಶದಲ್ಲಿ ಗೆಡ್ಡೆ ಬಂತು. ಮನುಷ್ಯರಲ್ಲಿ ಅದು ದೃಢಪಟ್ಟಿಲ್ಲ. ಆದರೂ ಮೆಡುಲರಿ ಎಂಬ ಅಪರೂಪದ ಥೈರಾಯ್ಡ್ ಕ್ಯಾನ್ಸರ್ ನಿಮಗೆ ಅಥವಾ ರಕ್ತಸಂಬಂಧಿಗಳಿಗೆ ಬಂದಿದ್ದರೆ ಇದನ್ನು ಕೊಡುವಂತಿಲ್ಲ. ನಿಮ್ಮ ಅಕ್ಕ ದಿನವೂ ಬೆಳಿಗ್ಗೆ ನುಂಗುವ ಥೈರಾಯ್ಡ್ ಮಾತ್ರೆಗೂ ಇದಕ್ಕೂ ಸಂಬಂಧವಿಲ್ಲ.

ಬಿಟ್ಟರೆ ತೂಕ ಮರಳುತ್ತದೆ ಎಂಬುದು ನಿಜ, ಎರಡರಷ್ಟಾಗುತ್ತದೆ ಎಂಬುದು ಸುಳ್ಳು. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಒಂದು ವರ್ಷದಲ್ಲಿ ವಾಪಸ್ ಬಂತು. ಮದುವೆ ಸೀಸನ್‌ಗೆ ಮೂರು ತಿಂಗಳು ತೆಗೆದುಕೊಂಡು ಬಿಡುತ್ತೇನೆ ಎನ್ನುವವರಿಗೆ ನಾನು ಬರೆದುಕೊಡುವುದಿಲ್ಲ.

ತೊಂದರೆಗಳಲ್ಲಿ ಮೊದಲನೆಯದು ವಾಕರಿಕೆ, ಹುಳಿತೇಗು, ಮಲಬದ್ಧತೆ. ಪ್ರಮಾಣ ಏರಿಸಿದ ವಾರಗಳಲ್ಲಿ ಜಾಸ್ತಿ. ಒಂದು ಮುದ್ದೆ ತಿನ್ನುತ್ತಿದ್ದವರು ಅರ್ಧಕ್ಕೇ ಎದ್ದುಬಿಡುತ್ತಾರೆ. ಬಲವಂತವಾಗಿ ಮುಗಿಸಿದರೆ ವಾಂತಿ. ಪಿತ್ತಕೋಶದಲ್ಲಿ ಕಲ್ಲು ಆಗಬಹುದು. ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತ: ಬೆನ್ನಿಗೆ ಹಾಯುವ ತಡೆಯಲಾರದ ಹೊಟ್ಟೆನೋವು ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕರಗುವ ತೂಕದಲ್ಲಿ ನಾಲ್ಕನೇ ಒಂದು ಭಾಗದಷ್ಟಾದರೂ ಸ್ನಾಯು ಮುಂತಾದ ಕೊಬ್ಬಲ್ಲದ ಅಂಶ ಇರುತ್ತದೆ; ಮೊದಲೇ ಸ್ನಾಯು ಕಡಿಮೆ ಇರುವ ನಮಗೆ ಇದು ಸಣ್ಣ ಮಾತಲ್ಲ. ಊಟ ಅರ್ಧವಾದಾಗ ಉಳಿಯಬೇಕಾದ್ದು ಮೊಟ್ಟೆ, ಮೊಸರು, ಬಸ್ಸಾರಿನ ಕಾಳು, ಬಿಡಬೇಕಾದ್ದು ಅನ್ನ. ಮೂಟೆ ಎತ್ತುವ ಕೆಲಸವನ್ನು ಹುಡುಗರಿಗೆ ಬಿಟ್ಟುಕೊಡಬೇಡಿ.

ನಿಮ್ಮ ಮಟ್ಟಿಗೆ ನನಗೆ ಹೆಚ್ಚು ಚಿಂತೆ ಇರುವುದು ಕಣ್ಣಿನದು. ಕಳಿಸಿದ ವರದಿಗಳಲ್ಲಿ ಕಣ್ಣಿನ ಪರದೆಯ ಪರೀಕ್ಷೆ ಇಲ್ಲ. ಒಂಬತ್ತು ವರ್ಷದ ಕಾಯಿಲೆಯಲ್ಲಿ ಪರದೆಯ ರಕ್ತನಾಳಗಳು ಹಾಳಾಗಿದ್ದು, ಸಕ್ಕರೆ ಒಮ್ಮೆಲೇ ಕುಸಿದರೆ ಅವು ಇನ್ನಷ್ಟು ಕೆಡಬಹುದು. ಸೆಮಾಗ್ಲುಟೈಡ್ ಅಧ್ಯಯನವೊಂದರಲ್ಲಿ ಇದು ಕಂಡಿತ್ತು, ಇನ್ಸುಲಿನ್‌ನಿಂದ ವೇಗವಾಗಿ ಇಳಿಸಿದಾಗಲೂ ಆಗುತ್ತದೆ. ಆದ್ದರಿಂದ ಇಂಜೆಕ್ಷನ್ ಇರಲಿ, ಇನ್ಸುಲಿನ್ ಇರಲಿ, ಮೊದಲು ಕಣ್ಣಿಗೆ ಹನಿ ಹಾಕಿಸಿ ಪರದೆ ನೋಡಿಸಿ.

ಭಾವಮೈದನ ಪೆನ್ ಬೇಡವೇ ಬೇಡ. ಸೂಜಿ ಬದಲಿಸಿದರೂ ಪೆನ್ನಿನೊಳಗೆ ಅವನ ರಕ್ತದ ಅಂಶ ಸೇರಿರಬಹುದು. ಒಬ್ಬರ ಪೆನ್ ಇನ್ನೊಬ್ಬರು ಬಳಸಿದರೆ ಕಾಮಾಲೆಯ ವೈರಸ್ ಸಹಿತ ದಾಟಬಹುದು. ಜೊತೆಗೆ 14 ಕಿಲೋ ಇಳಿಸಿದವನು ಪ್ರಮಾಣದ ಮೇಲಿನ ಮೆಟ್ಟಿಲಲ್ಲಿ ಇರುತ್ತಾನೆ. ಸೆಮಾಗ್ಲುಟೈಡ್ 0.25 ಮಿಲಿಗ್ರಾಂನಿಂದ, ಟಿರ್ಜೆಪಟೈಡ್ 2.5ರಿಂದ ಶುರುವಾಗಿ ನಾಲ್ಕು ವಾರಕ್ಕೊಂದು ಮೆಟ್ಟಿಲು ಏರಬೇಕು. ಗ್ಲಿಮೆಪಿರೈಡ್ ಇರುವಾಗಲೇ ಅವನ ಪ್ರಮಾಣ ಚುಚ್ಚಿಕೊಂಡರೆ ನಿಮ್ಮ ಹನ್ನೊಂದು ಗಂಟೆ ಆಸ್ಪತ್ರೆಯಲ್ಲಿ ಕಳೆಯುತ್ತದೆ.

ಇಂಜೆಕ್ಷನ್ನಿನ ಸದ್ದಿನಲ್ಲಿ ಜನ ಮರೆತಿರುವ ಒಂದು ಮಾತ್ರೆ ಇದೆ: ಡಪಾಗ್ಲಿಫ್ಲೋಜಿನ್ ಮತ್ತು ಎಂಪಾಗ್ಲಿಫ್ಲೋಜಿನ್ ಗುಂಪು. ಇವು ದಿನಕ್ಕೆ ಹತ್ತಿರ ಹತ್ತಿರ 70 ಗ್ರಾಂ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ತೂಕ ಎರಡು ಮೂರು ಕಿಲೋ ಇಳಿಯುತ್ತದೆ, ಬಿಪಿ ಸ್ವಲ್ಪ ಇಳಿಯುತ್ತದೆ, ಹೃದಯದ ಸೋಲು ಮತ್ತು ಕಿಡ್ನಿಯ ಸೋಲು ಎರಡನ್ನೂ ತಡೆಯುವುದರಲ್ಲಿ ಇವುಗಳ ದಾಖಲೆ ಗಟ್ಟಿಯಾಗಿದೆ. ಡಪಾಗ್ಲಿಫ್ಲೋಜಿನ್ ಪೇಟೆಂಟ್ ಇಲ್ಲಿ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಬೆಲೆ ಬಿದ್ದಿದೆ. ನಾನು ನಿಮ್ಮ ವೈದ್ಯನಾಗಿದ್ದರೆ ಮೂರರ ಮಾತ್ರೆಯನ್ನು ಬಿಡಿಸಿ, ಗ್ಲಿಮೆಪಿರೈಡ್ ಅರ್ಧಕ್ಕೆ ಇಳಿಸಿ, ಮೆಟ್‌ಫಾರ್ಮಿನ್ ಏರಿಸಿ, ಈ ಗುಂಪಿನ ಒಂದು ಮಾತ್ರೆ ಸೇರಿಸುವುದು ಮೊದಲ ಹೆಜ್ಜೆ ಆಗುತ್ತಿತ್ತು. ಅಪಾಯಗಳನ್ನೂ ಹೇಳಬೇಕು. ಜನನಾಂಗದ ಭಾಗದಲ್ಲಿ ಬೂಷ್ಟಿನ ತುರಿಕೆ ಬರಬಹುದು. ಪ್ರತಿ ಸಲ ನೀರಿನಿಂದ ತೊಳೆದು ಒಣಗಿಸಿಕೊಂಡರೆ ಬಹುಪಾಲು ತಪ್ಪುತ್ತದೆ, ನಾಚಿಕೆಯಿಂದ ಮುಚ್ಚಿಟ್ಟರೆ ಹೆಚ್ಚುತ್ತದೆ. ವಾಂತಿಭೇದಿ, ಜ್ವರ, ಉಪವಾಸದ ದಿನ ಇದನ್ನು ನುಂಗಬೇಡಿ. ಶಸ್ತ್ರಚಿಕಿತ್ಸೆಗೆ ಮೂರು ದಿನ ಮುಂಚೆ ನಿಲ್ಲಿಸಬೇಕು. ಇಲ್ಲದಿದ್ದರೆ ಸಕ್ಕರೆ 200 ಸಹ ಇಲ್ಲದಿರುವಾಗಲೇ ರಕ್ತ ಆಮ್ಲೀಯವಾಗಿ ಜೀವಕ್ಕೆ ಕುತ್ತು ಬರಬಹುದು. ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ ನಾಲ್ಕು ಪ್ಲಸ್ ಬಂದರೆ ಗಾಬರಿಯಾಗಬೇಡಿ, ಅದು ಮಾತ್ರೆಯ ಕೆಲಸ.

ಇನ್ಸುಲಿನ್ ಎಂದ ನಿಮ್ಮ ವೈದ್ಯರು ತಪ್ಪು ಹೇಳಿಲ್ಲ, 8.4ನ್ನು ಹಾಗೆ ಬಿಡುವುದಕ್ಕಿಂತ ಅದು ಎಷ್ಟೋ ಮೇಲು. ತೂಕ ತಾನಾಗಿ ಇಳಿಯುತ್ತಿದ್ದರೆ, ಬಾಯಾರಿಕೆ ವಿಪರೀತವಾಗಿದ್ದರೆ, ಸರಾಸರಿ 10 ದಾಟಿದ್ದರೆ, ದೊಡ್ಡ ಸೋಂಕು ಇದ್ದರೆ ನಾನೂ ಇನ್ಸುಲಿನ್ನನ್ನೇ ಬರೆಯುತ್ತಿದ್ದೆ. ನಿಮಗೆ ಅವಾವುದೂ ಇಲ್ಲ. ಇನ್ಸುಲಿನ್ ತೂಕ ಏರಿಸುವುದರಿಂದ, ಮೇಲಿನ ಹೆಜ್ಜೆಗಳನ್ನು ನೋಡಿ ಆಮೇಲೆ ಅದಕ್ಕೆ ಹೋಗಬಹುದೇ ಎಂದು ಕೇಳಿ.

ಕೊಲೆಸ್ಟರಾಲ್ ಮಾತ್ರೆ ನಿಲ್ಲಿಸಿದ್ದು ಸರಿಯಾಗಲಿಲ್ಲ. ಇಡೀ ಪತ್ರದಲ್ಲಿ ನಾನು ಎಲ್ಲಕ್ಕಿಂತ ಖಂಡಿತವಾಗಿ ಬೇಡವೆನ್ನುವುದು ಹೀಗೆ ನಿಲ್ಲಿಸುವುದಕ್ಕೆ ಮತ್ತು ಭಾವಮೈದನ ಪೆನ್ನಿಗೆ. ಸಕ್ಕರೆ ಕಾಯಿಲೆ ಇದ್ದು ವಯಸ್ಸು 40 ದಾಟಿದವರಿಗೆ ಸ್ಟಾಟಿನ್ ಎಂಬ ಈ ಕೊಲೆಸ್ಟರಾಲ್ ಮಾತ್ರೆ ಕೊಡುವುದು ಹೃದಯಾಘಾತ ತಪ್ಪಿಸಲು. ಅದು ಸಕ್ಕರೆಯನ್ನು ಚೂರು ಏರಿಸುತ್ತದೆ ಎಂಬುದು ನಿಜ, ಹೃದಯಕ್ಕೆ ಆಗುವ ಲಾಭದ ಮುಂದೆ ಅದು ಲೆಕ್ಕಕ್ಕಿಲ್ಲ. ಎಸ್‌ಜಿಪಿಟಿ 78 ಇದೆ ಎಂದು ಅದನ್ನು ಬಿಡಬೇಕಿಲ್ಲ. ಟ್ರೈಗ್ಲಿಸರೈಡ್ 312ಕ್ಕೆ ಈಗಲೇ ಬೇರೆ ಮಾತ್ರೆ ಬೇಕಿಲ್ಲ. ಸಕ್ಕರೆ, ಬೆಲ್ಲ, ವಾರಾಂತ್ಯದ ಮದ್ಯ ಇಳಿದರೆ ಅದೂ ಇಳಿಯುತ್ತದೆ. 500 ದಾಟಿದರೆ ಮಾತು ಬೇರೆ. ಆಗ ಫೆನೋಫೈಬ್ರೇಟ್ ಬೇಕಾಗಬಹುದು. 2013ರಲ್ಲಿ ನಮ್ಮ ದೇಶದಲ್ಲೇ ಮೊದಲು ಅನುಮತಿ ಪಡೆದ ಸಾರೊಗ್ಲಿಟಜಾರ್ ಎಂಬ ಔಷಧಿಯೂ ಮಧುಮೇಹಿಗಳ ಟ್ರೈಗ್ಲಿಸರೈಡ್‌ಗೆ ಇದೆ.

ಶಸ್ತ್ರಚಿಕಿತ್ಸೆಯನ್ನು ನೀವು ಕೇಳಿಲ್ಲ. ನಮ್ಮವರಿಗೆ ಸೂಚ್ಯಂಕ 32.5 ದಾಟಿ ಸಕ್ಕರೆ ಕಾಯಿಲೆ ಇದ್ದರೆ ಹೊಟ್ಟೆಯ ಗಾತ್ರ ಕಡಿಮೆ ಮಾಡುವ ಶಸ್ತ್ರಚಿಕಿತ್ಸೆಯ ಮಾತು ಎತ್ತಬಹುದು, ಮತ್ತು ತೂಕ ಇಳಿಕೆಯಲ್ಲಿ ಅದು ಔಷಧಿಗಿಂತ ಮುಂದಿದೆ. ಜೀವನಪರ್ಯಂತ ಜೀವಸತ್ವದ ಮಾತ್ರೆ ಮತ್ತು ತಪಾಸಣೆ ಬೇಕು. ಔಷಧಿಯ ಹೆಜ್ಜೆಗಳು ಸೋತರೆ ನೆನಪಿರಲಿ.

ಕೊನೆಗೆ ದುಡ್ಡು. ಟಿರ್ಜೆಪಟೈಡ್ ಇಲ್ಲಿಗೆ ಬಂದಾಗ ವಾರದ ಸೀಸೆ 3,500 ರೂಪಾಯಿ, ಮುಂದಿನ ಪ್ರಮಾಣದ್ದು 4,375. ತಿಂಗಳಿಗೆ ಹದಿನಾಲ್ಕರಿಂದ ಹದಿನೇಳೂವರೆ ಸಾವಿರ. ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಪೇಟೆಂಟ್ ಮುಗಿದ ಔಷಧಿಗೆ ದೇಶಿ ಕಂಪನಿಗಳ ಪೈಪೋಟಿ ಬಂದು ಬೆಲೆ ಇಳಿಯುವುದನ್ನು ಹಿಂದೆಯೂ ಕಂಡಿದ್ದೇವೆ. ಆದ್ದರಿಂದ ಸಾಲ ಮಾಡಿ ಓಡಬೇಡಿ. ಮೆಟ್‌ಫಾರ್ಮಿನ್, ಅಟೊರ್ವಸ್ಟಾಟಿನ್ ಜನೌಷಧಿ ಕೇಂದ್ರದಲ್ಲಿ ಅಗ್ಗಕ್ಕೆ ಸಿಗುತ್ತವೆ. ಕಣ್ಣಿನ ಪರದೆ, ಕಿಡ್ನಿಗಾಗಿ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್, ಬಿ12, ಫೈಬ್ರೋಸ್ಕ್ಯಾನ್ ಈ ನಾಲ್ಕಕ್ಕೆ ಮೊದಲು ಹಣ ತೆಗೆದಿಡಿ. ಗೊರಕೆ ಜೋರಾಗಿದ್ದು ಹಗಲು ಗಲ್ಲಾಪೆಟ್ಟಿಗೆಯ ಮುಂದೆಯೇ ತೂಕಡಿಸುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಬೊಜ್ಜಿನ ಜೊತೆ ಬರುತ್ತದೆ, ಬಿಪಿಯನ್ನೂ ಹಿಡಿತಕ್ಕೆ ಬಿಡುವುದಿಲ್ಲ. ಮಾತ್ರೆ ಬದಲಾದ ಮೂರು ತಿಂಗಳ ಮೇಲೆ ಸರಾಸರಿ ಸಕ್ಕರೆ ಮತ್ತೆ ನೋಡಿಸಿ. ಅದಕ್ಕೂ ಮುಂಚೆ ನೋಡಿಸಿದರೆ ಹಳೆಯ ಮಾತ್ರೆಯ ದಿನಗಳೂ ಆ ಅಂಕಿಯೊಳಗೆ ಸೇರಿರುತ್ತವೆ.